ಸೀನುವ ಬೇಟೆಗಾರ

ನನ್ನ ಷಡ್ಡಕ ದೊಡ್ಡ ಬೇಟೆಗಾರ. ಹಾಗೆಂದು ಅವನೇ ಹೇಳಿಕೊಳ್ಳುತ್ತಾನೆ. ಈ ಮಹಾನುಭಾವ ಒಂದು ಸೊಳ್ಳೆಯನ್ನಾದರೂ ಹೊಡೆದದ್ದನ್ನು ಕಂಡವರಿಲ್ಲ. ಮೊಟ್ಟೆ ಹಾಕಿದ ಕೇಕನ್ನು ಮುಟ್ಟುವುದಿಲ್ಲ. ಬಿಸ್ಕತ್ತಿನ ಪೊಟ್ಟಣವನ್ನು ಹಿಂದೆ ಮುಂದೆ ತಿರುಗಿಸಿ, ಕನ್ನಡಕ ಏರಿಸಿ, ಅದರಲ್ಲಿ ಪ್ರಾಣಿಯ ಎಲುಬಿನಿಂದ ತೆಗೆದ ಜೆಲಟಿನ್ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಬಾಯಿಗಿಡುವ ಆಸಾಮಿ. ಆದರೂ ಬೇಟೆಗಾರ! ಅದೂ ಲಂಡನ್ನಿನಲ್ಲಿ! ನೀವು ನಗುತ್ತೀರಿ. ನಾನೂ ಮೊದಲು ನಕ್ಕೆ. ಆಮೇಲೆ ಹೊಟ್ಟೆಕಿಚ್ಚು ಪಟ್ಟೆ.

ಷಡ್ಡಕ ಎಂದರೆ ಹೆಂಡತಿಯ ಅಕ್ಕನ ಗಂಡ. ನಾವಿಬ್ಬರೂ ಧಾರವಾಡದ ಒಂದೇ ಮನೆಯ ಅಳಿಯಂದಿರು. ಹೊಟ್ಟೆಕಿಚ್ಚಿಗೆ ಇದಕ್ಕಿಂತ ಹೆಚ್ಚಿನ ಕಾರಣ ಬೇಕೆ? ಅವನು ಲಂಡನ್ನಿನ ಫೆಲ್ಥಮ್‌ನಲ್ಲಿ, ನಾನು ಹೇಸ್‌ನಲ್ಲಿ. ಇಬ್ಬರಿಗೂ ಅನ್ನ ಹಾಕುವುದು ವಿಮಾನ ನಿಲ್ದಾಣವೇ. ಅವನು ಕಾರ್ಗೋ ಶೆಡ್ಡಿನಲ್ಲಿ ಪೆಟ್ಟಿಗೆ ಎಣಿಸುತ್ತಾನೆ. ನಾನು ಸೆಕ್ಯುರಿಟಿಯಲ್ಲಿ ಎಕ್ಸ್-ರೇ ಪರದೆಯ ಮುಂದೆ ಕೂತು ಜಗತ್ತಿನ ಚೀಲಗಳ ಒಳಗನ್ನೆಲ್ಲ ನೋಡುತ್ತೇನೆ. ಯಾವ ಅಜ್ಜಿ ಸೀರೆಯ ನಡುವೆ ಉಪ್ಪಿನಕಾಯಿ ಜಾಡಿ ಸುತ್ತಿಟ್ಟಿದ್ದಾಳೆಂದು ದೂರದಿಂದಲೇ ಹೇಳಬಲ್ಲೆ. ಆದರೆ ನನ್ನ ಹೆಂಡತಿಗೆ ಇದೊಂದು ವಿದ್ಯೆ ಎಂದು ಎಂದೂ ಅನ್ನಿಸಲಿಲ್ಲ.

ಷಡ್ಡಕನ ವಿದ್ಯೆ ಶುರುವಾದದ್ದು ತೊಂಬತ್ತರ ದಶಕದ ಕೊನೆಗೆ. ಅವನ ಶೆಡ್ಡಿನಲ್ಲಿ ಒಬ್ಬ ಇಂಗ್ಲಿಷ್ ಮುದುಕನಿದ್ದ, ನಿಜವಾದ ಬೇಟೆಗಾರ, ಲೈಸೆನ್ಸ್ ಇದ್ದವನು. ಲಂಡನ್ನಿನ ಪಶ್ಚಿಮದ ಅಂಚಿನಲ್ಲಿ, ಮೋಟರ್‌ವೇ ಸದ್ದು ಕೇಳುವಷ್ಟು ಹತ್ತಿರದಲ್ಲೇ, ಒಂದು ಖಾಸಗಿ ಕಾಡು. ಅಲ್ಲಿ ಜಿಂಕೆಗಳು ಎಳೆಯ ಸಸಿಗಳನ್ನೆಲ್ಲ ತಿಂದು ಹಾಕುತ್ತಿದ್ದವೆಂದು ಕಾಡಿನ ಮಾಲೀಕ ಮುದುಕನಿಗೆ ಹೊಡೆಯಲು ಅನುಮತಿ ಕೊಟ್ಟಿದ್ದ. ಆದರೆ ಮುದುಕನಿಗೆ ಮೊಣಕಾಲು ನೋವು. ನೆಲದ ಮೇಲಿನ ಗುರುತು ಓದಲು ಬಗ್ಗಬೇಕು, ಬಗ್ಗಲಾಗದು. ಬಗ್ಗುವವನೊಬ್ಬ ಬೇಕಾಗಿತ್ತು. ದಿನವೂ ಸೂರ್ಯನಮಸ್ಕಾರ ಹಾಕುವ ನನ್ನ ಷಡ್ಡಕ ಸಿಕ್ಕ!

ಒಂದು ವರ್ಷ ರವಿವಾರ ತಪ್ಪಿಸದೆ ಹೋದ. ಕಲಿತೇಬಿಟ್ಟ. ಗೊರಸಿನ ಗುರುತಿನ ಅಂಚು ಚೂಪಾಗಿದ್ದರೆ ಜಿಂಕೆ ಈಗಷ್ಟೇ ಹೋಗಿದೆ, ಉದುರಿದ್ದರೆ ನಿನ್ನೆಯದು. ಎರಡು ಉಗುರು ಅಗಲವಾಗಿ ಹರಡಿದ್ದರೆ ಅದು ಓಡಿದೆ. ಟೊಂಗೆಯ ತುದಿ ಚಾಕುವಿನಿಂದ ಕೊಯ್ದಂತಿದ್ದರೆ ಮೊಲ ತಿಂದದ್ದು, ಹರಿದಂತಿದ್ದರೆ ಜಿಂಕೆ, ಯಾಕೆಂದರೆ ಜಿಂಕೆಗೆ ಮೇಲ್ದವಡೆಯ ಮುಂದೆ ಹಲ್ಲಿಲ್ಲ. ಹಿಕ್ಕೆ ಮಿರಮಿರ ಮಿಂಚುತ್ತಿದ್ದರೆ ತಾಜಾ. ಒತ್ತಿದ ಹುಲ್ಲಿನ ಮೇಲೆ ಅಂಗೈ ಇಟ್ಟು, ಬೆಚ್ಚಗಿದೆಯೋ ಇಲ್ಲವೋ ನೋಡಿ, ಎದ್ದು ಹೋಗಿ ಎಷ್ಟು ಹೊತ್ತಾಯಿತೆಂದು ಹೇಳುತ್ತಿದ್ದ. ಸಿಕ್ಕ ಹೆಜ್ಜೆಯ ಸುತ್ತ ಪುಟ್ಟ ಕಡ್ಡಿಗಳನ್ನು ಚುಚ್ಚಿ ಬೇಲಿ ಕಟ್ಟುತ್ತಿದ್ದ. ಮರಳಿ ಬಂದಾಗ ಗುರುತು ಕಳೆಯಬಾರದಲ್ಲ!

ಎಲ್ಲ ಸರಿ, ಆದರೆ ಮುದುಕ ಬಂದೂಕು ಏರಿಸಿ ಗುರಿ ಹಿಡಿದು, ಉಸಿರು ಬಿಗಿಹಿಡಿದು, ಇನ್ನೇನು ಕುದುರೆ ಎಳೆಯಬೇಕು ಅನ್ನುವಾಗ ಪಕ್ಕದಲ್ಲಿ, "ಆ...ಕ್ಷೀ!" ಜಿಂಕೆ ಪರಾರಿ. ಒಂದು ಸಲವಲ್ಲ, ನಾಲ್ಕು ಸಲ! ನಾಲ್ಕನೆಯ ಸಲ ಮುದುಕ ಬಂದೂಕು ಕೆಳಗಿಳಿಸಿ ಕೇಳಿದನಂತೆ, "ನಿನಗೇನು ಜಿಂಕೆಯ ಅಲರ್ಜಿಯೇ?"

"ಅಲ್ಲ," ಎಂದನಂತೆ ನನ್ನ ಷಡ್ಡಕ, "ಬಂದೂಕಿನದು."

ಮುಂದಿನ ರವಿವಾರದಿಂದ ಮುದುಕ ಇವನ ಜೊತೆ ಹೋಗುವಾಗ ಬಂದೂಕು ಮನೆಯಲ್ಲೇ ಬಿಟ್ಟು ಚಹಾದ ಫ್ಲಾಸ್ಕು ತರತೊಡಗಿದ. ಮೊಣಕಾಲು ಪೂರ್ತಿ ಕೈಕೊಟ್ಟ ಮೇಲೆ, ಮಾಲೀಕನಿಗೆ ಹೇಳಿ ಕಾಡಿನೊಳಗೆ ಹೋಗಿಬರುವ ಹಕ್ಕನ್ನು ಇವನಿಗೆ ಕೊಡಿಸಿದ. ಇದು ನನ್ನ ಷಡ್ಡಕ ಬೇಟೆಗಾರನಾದ ಕತೆ.

ಕಾಡಿನಲ್ಲಿ ಕಲಿತದ್ದು ಕಾಡಿನಲ್ಲೇ ಇದ್ದಿದ್ದರೆ ನನಗೇನು ತಕರಾರು? ಒಂದು ರವಿವಾರ ಮಧ್ಯಾಹ್ನ ನಮ್ಮ ಮನೆಗೆ ಬಂದ. ಬಾಗಿಲಲ್ಲಿ ಬೂಟು ಬಿಚ್ಚಿ, ಸೋಫಾದ ಮೇಲೆ ಅಂಗೈ ಇಟ್ಟ. ನನ್ನ ಹೆಂಡತಿಯ ಕಡೆ ತಿರುಗಿದ.

"ಏನ ತಂಗಿ, ನಿಮ್ಮವರು ಇಲ್ಲೇ ಮಲಗಿದ್ರೇನು? ಎಡಮಗ್ಗಲಾಗಿ ಮಲಗ್ಯಾರ. ಎದ್ದು ಕಾಲ ತಾಸೂ ಆಗಿಲ್ಲ, ಇನ್ನೂ ಬೆಚ್ಚಗದ." ಆಮೇಲೆ ಕಾರ್ಪೆಟ್ ನೋಡಿದ. "ನಡುವ ಎರಡು ಸಲ ಎದ್ದು ಅಡಗಿಮನಿಗೆ ಹೋಗ್ಯಾರ. ಬಲಗಾಲು ಎಳದಾರ ನೋಡು. ಬರೂ ಮುಂದ ಚಕ್ಕಲಿ ಪುಡಿ ಬಿದ್ದದ."

ನಾನು ಹೆಂಡತಿಗೆ ಹೇಳಿದ್ದು, ಬೆಳಗಿನಿಂದ ಮನೆಯೆಲ್ಲ ವ್ಯಾಕ್ಯೂಮ್ ಹೊಡೆಯುತ್ತಿದ್ದೆ ಎಂದು! ಅವಳು ನನ್ನನ್ನು ನೋಡಿದ ನೋಟಕ್ಕೆ ಯಾವ ಗೊರಸಿನ ವಿದ್ಯೆಯೂ ಬೇಕಿರಲಿಲ್ಲ. ಅಂದಹಾಗೆ ಬಲಗಾಲು ಎಳೆಯುವುದು ನಿಜ, ಕಾಲೇಜಿನ ದಿನಗಳಲ್ಲಿ ಸ್ಕೂಟರಿನಿಂದ ಬಿದ್ದದ್ದು. ಅದನ್ನು ಕಾರ್ಪೆಟ್ಟಿನ ಮೇಲೆ ಓದಿ ಊರಿಗೆಲ್ಲ ಹೇಳಬೇಕೆ?

ಆ ವರ್ಷದ ದೀಪಾವಳಿಯ ಊಟ ನಮ್ಮ ಮನೆಯಲ್ಲಿತ್ತು. ಮೈಸೂರಿನ ಕಡೆಯ ಒಬ್ಬ ಡಾಕ್ಟರೂ ಬಂದಿದ್ದರು. ಹೋಳಿಗೆ ಕೊಂಚ ಜಾಸ್ತಿಯೇ ಆಗಿತ್ತು. ಊಟ ಮುಗಿಸಿ ಡಾಕ್ಟರು ಕೋಟು ತೂಗುಹಾಕಿದ ಮೂಲೆಯಲ್ಲಿ ಒಂದು ಸ್ಟೀಲ್ ಡಬ್ಬಿ ಕಂಡು, ಮುಚ್ಚಳ ತೆಗೆದು, "ಓಹೋ, ಜೀರಿಗೆ ಗುಳಿಗೆ! ಊರಿಂದ ತರಿಸಿದ್ರಾ?" ಎಂದರು. ನನ್ನ ಷಡ್ಡಕ ಅಡಿಗೆಮನೆಯಿಂದ ಹೌಹಾರಿ ಓಡಿ ಬಂದ. "ಡಾಕ್ಟ್ರ, ಬ್ಯಾಡ್ರಿ! ಅದು ಹಿಕ್ಕಿ!"

ಹೌದು, ಜಿಂಕೆಯ ಹಿಕ್ಕೆ! ಚೊಕ್ಕವಾಗಿ ಒಣಗಿಸಿ, ಗಂಡಿನದು ಹೆಣ್ಣಿನದು ಹೋಲಿಸಿ ನೋಡಲು ಡಬ್ಬಿಯಲ್ಲಿ ಹಾಕಿ, ಹೋದಲ್ಲೆಲ್ಲ ಕೋಟಿನ ಜೊತೆ ಒಯ್ಯುತ್ತಿದ್ದ. ಮನೆ ತುಂಬ ನಗೆಯೋ ನಗೆ. ಡಾಕ್ಟರು ಮಾತ್ರ ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಿವಿಯ ಬಳಿ ಬಂದು ಮೆಲ್ಲಗೆ ಹೇಳಿದರು, "ಒಂದು ಮೊದಲೇ ಬಾಯಿಗೆ ಹಾಕ್ಕೊಂಡುಬಿಟ್ಟಿದ್ದೆ ಕಣ್ರೀ. ಈಗ ಹೊಟ್ಟೆ ಹಗುರ ಆಗಿದೆ. ಯಾರಿಗೂ ಹೇಳ್ಬೇಡಿ."

ಸಭೆಯ ನಗೆಯನ್ನೆಲ್ಲ ಷಡ್ಡಕನೇ ಹೊಡೆದುಕೊಂಡು ಹೋದನಲ್ಲ ಎಂದು ನನಗೆ ಉರಿಯಿತು. ನನ್ನ ಬಳಿಯೂ ಒಂದು ಅಸ್ತ್ರವಿತ್ತು. ಹತ್ತು ವರ್ಷದ ನನ್ನ ಮಗಳು ಪಲ್ಲವಿ ಇಲ್ಲೇ ಹುಟ್ಟಿದವಳು. ಅವಳ ಕನ್ನಡ ಇಂಗ್ಲಿಷಿನ ನಾಲಿಗೆಯಲ್ಲಿ ಉರುಳುರುಳಿ ಬರುತ್ತದೆ. ಅದನ್ನು ಅಣಕಿಸುವುದರಲ್ಲಿ ನಾನು ನಿಸ್ಸೀಮ. ಪ್ರತಿ ಯುಗಾದಿ, ಪ್ರತಿ ದೀಪಾವಳಿಗೆ ಜನ ಕೇಳಿ ಮಾಡಿಸಿಕೊಳ್ಳುವ ಐಟಂ ಅದು. ಅಂದೂ ಮಾಡಿದೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಲ್ಲವಿ ಎದ್ದು ಮೇಲಿನ ಕೋಣೆಗೆ ಹೋದಳು.

ಷಡ್ಡಕ ಮೆಟ್ಟಿಲ ಕಡೆ ನೋಡುತ್ತ ಕೂತಿದ್ದ. "ಎರಡೆರಡು ಮೆಟ್ಟಲಾ ಹಾರಿ ಹೋದಳು," ಎಂದ. "ಬೆದರಿದ ಹೆಜ್ಜಿ ಅದು."

"ಮನಿಯೊಳಗೂ ಜಿಂಕಿ ಬಂತೇನ್ರಿ ಅಣ್ಣಾರ?" ಎಂದೆ ನಾನು. ಅದಕ್ಕೂ ಜನ ನಕ್ಕರು. ಆ ದಿನ ಗೆದ್ದವನು ನಾನೇ ಎಂದುಕೊಂಡೆ.

ಮುಂದಿನ ರವಿವಾರ ಬೆಳಿಗ್ಗೆ ಷಡ್ಡಕನ ಕಾರು ನಮ್ಮ ಬಾಗಿಲಲ್ಲಿ ನಿಂತಿತು. "ಪಲ್ಲವಿನ್ನ ಕರಕೊಂಡು ಹೋಗ್ತೀನಿ. ಬಗ್ಗಾಕ ನನಗೂ ಒಬ್ಬರು ಬೇಕಾಗ್ಯಾರ," ಎಂದ. ನನ್ನ ಮಗಳು ಹೋದಳು! ಹತ್ತು ಗಂಟೆಯ ಮೊದಲು ಹಾಸಿಗೆ ಬಿಡದ ಹುಡುಗಿ, ವೆಲ್ಲಿಂಗ್ಟನ್ ಬೂಟು ಏರಿಸಿಕೊಂಡು ಏಳಕ್ಕೇ ತಯಾರು! ಮತ್ತೆ ಪ್ರತಿ ರವಿವಾರವೂ ಹೋದಳು.

ಮೂರು ತಿಂಗಳ ಮೇಲೆ ನನ್ನ ಕಿವಿಗೆ ಬಿದ್ದದ್ದೇನು? ಅವಳು ಅವನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು, ಕನ್ನಡದಲ್ಲಿ. "ದೊಡ್ಡಪ್ಪಾ, ಅದು ಹಿಂದಿನ ದಿನದ್ದಲ್ಲ, ಅವತ್ತಿಂದೇ. ಹಿಕ್ಕಿ ಮಿಂಚತಿತ್ತಲ್ಲಾ!" ನನ್ನ ಜೊತೆ? "ಶಾಲೆ ಹೆಂಗಿತ್ತ ಪಲ್ಲೂ?" "ಫೈನ್, ಡ್ಯಾಡ್." "ಏನು ಊಟ ಮಾಡ್ದಿ?" "ಸ್ಟಫ್." ಅವನಿಗೆ ಹಿಕ್ಕೆಯ ವಿವರವೆಲ್ಲ ಕನ್ನಡದಲ್ಲಿ, ಹೆತ್ತಪ್ಪನಿಗೆ ಎರಡು ಇಂಗ್ಲಿಷ್ ಪದ! ಅದರ ಮೇಲೆ ಹೆಂಡತಿಯ ಒಗ್ಗರಣೆ ಬೇರೆ. ಅಕ್ಕನ ಗಂಡನನ್ನು ಅವಳು ಮಾಮಾ ಎನ್ನುತ್ತಾಳೆ. "ನೀವು ಹತ್ತು ವರ್ಷ ಬಡಕೊಂಡ್ರೂ ಆಗಲಿಲ್ಲ. ಮಾಮಾ ಮೂರು ತಿಂಗಳದಾಗ ಮಾತಾಡಿಸಿಬಿಟ್ರು ನೋಡ್ರಿ."

ಹೊಟ್ಟೆಯೊಳಗೆ ಯಾರೋ ಮೆಣಸಿನಕಾಯಿ ಹುರಿದಂತಾಯಿತು. ಜಿಂಕೆಯ ಹೆಜ್ಜೆ ಓದುವುದು ಅಂಥ ಬ್ರಹ್ಮವಿದ್ಯೆಯೇ? ಜಗತ್ತಿನ ಚೀಲಗಳನ್ನು ಓದುವವನಿಗೆ ಇದು ಯಾವ ಲೆಕ್ಕ? ಲೈಬ್ರರಿಯಿಂದ ಪುಸ್ತಕ ತಂದು ಗುಟ್ಟಾಗಿ ಓದಿದೆ. ಒಂದು ಶನಿವಾರ ಮಗಳನ್ನು ಪುಸಲಾಯಿಸಿ, ಜಿಂಕೆಗಳಿರುವ ಬುಷಿ ಪಾರ್ಕಿಗೆ ಕರೆದುಕೊಂಡು ಹೋದೆ. ಒಂದು ಮರದ ಬುಡದ ತೊಗಟೆ ಮೊಣಕಾಲೆತ್ತರಕ್ಕೆ ಉಜ್ಜಿ ಹೋಗಿತ್ತು. ಸಿಕ್ಕಿತು! ಗಂಟಲು ಸರಿಮಾಡಿಕೊಂಡು, "ನೋಡ ಪಲ್ಲೂ, ಗಂಡು ಜಿಂಕಿ ಇಲ್ಲಿ ಕೊಂಬು ತಿಕ್ಕೇದ. ಭಾಳ ದೊಡ್ಡದು," ಎಂದೆ.

ಅವಳು ಬಗ್ಗಿ ನೋಡಿ, ಬೆರಳಿನಿಂದ ಮುಟ್ಟಿ, ಮೂಸಿ ಕೂಡ ನೋಡಿದಳು. ಆಮೇಲೆ ಇಂಗ್ಲಿಷಿನಲ್ಲಿ, ಬಹಳ ಮರ್ಯಾದೆಯಿಂದ ಹೇಳಿದಳು: ಇದು ಯಾರೋ ಸೈಕಲ್ಲಿಗೆ ಸರಪಳಿ ಹಾಕಿ ಕಟ್ಟಿದ ಗುರುತು, ಡ್ಯಾಡ್. ಎಣ್ಣೆಯ ವಾಸನೆ ಇದೆ.

ಅವಳು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಇಷ್ಟಾದ ಮೇಲೆ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಹೆಂಡತಿಗೆ ಓವರ್‌ಟೈಮ್ ಇದೆಯೆಂದು ಸುಳ್ಳು ಹೇಳಿ, ರವಿವಾರ ಅವರಿಬ್ಬರ ಹಿಂದೆಯೇ ಆ ಕಾಡಿಗೆ ಹೋದೆ. ಅಪ್ಪಣೆ ಇಲ್ಲದೆ, ಬೇಲಿ ದಾಟಿ! ಒಂದು ದಪ್ಪ ಓಕ್ ಮರದ ಹಿಂದೆ ಅಡಗಿ ನಿಂತೆ. ಅವನು ಬೆರಳು ಒದ್ದೆ ಮಾಡಿ ಗಾಳಿ ನೋಡುತ್ತಿದ್ದ, ಅವಳೂ ಹಾಗೇ ಮಾಡುತ್ತಿದ್ದಳು. ಇಬ್ಬರೂ ಮಂಡಿಯೂರಿ ಕಡ್ಡಿಯಿಂದ ಕೆಸರಿನಲ್ಲಿ ಏನೋ ಗೀಚುತ್ತಿದ್ದರು. ಏನದು? ಅವಳು ಏನೋ ಅಂದಳು, ಇಬ್ಬರೂ ನಕ್ಕರು. ಆ ನಗು ಕೇಳಿ ತಡೆಯಲಾಗದೆ ಹೊರಟುಬಂದೆ. ಮುಂದಿನ ವಾರ ಮತ್ತೆ ಹೋದೆ. ಮತ್ತೆ ನಕ್ಕರು, ಮತ್ತೆ ಬಂದೆ. ಮೂರನೆಯ ವಾರವೂ ಅದೇ ಕತೆ. ನನ್ನ ಮಗಳು ಅಷ್ಟು ಮಾತಾಡುವುದನ್ನು ನಾನು ನೋಡಿದ್ದು ಆ ಮರದ ಹಿಂದಿನಿಂದಲೇ.

ನಾಲ್ಕನೆಯ ರವಿವಾರ ಹೋದಾಗ ಅವರು ಕಾಣಲಿಲ್ಲ. ಕಾರೇನೋ ದಾರಿಯಲ್ಲಿ ನಿಂತಿತ್ತು. ನನ್ನ ಓಕ್ ಮರದ ಹತ್ತಿರ ಬಂದವನು ಹಾಗೇ ನಿಂತುಬಿಟ್ಟೆ.

ಮರದ ಹಿಂದಿನ ಕೆಸರಿನಲ್ಲಿ ಹೋದ ವಾರದ ನನ್ನ ಹೆಜ್ಜೆಗಳಿದ್ದವು. ಒಂದೊಂದರ ಸುತ್ತಲೂ ಪುಟ್ಟ ಕಡ್ಡಿಗಳ ಬೇಲಿ. ಪಕ್ಕದ ಮೋಟು ಮರದ ಮೇಲೆ ಫ್ಲಾಸ್ಕು, ಮೂರು ಲೋಟ. ಲೋಟದ ಕೆಳಗೆ ನೋಟ್‌ಬುಕ್ಕಿನ ಒಂದು ಹಾಳೆ. ಅದರಲ್ಲಿ ಕನ್ನಡ. ಸೊಟ್ಟ ಸೊಟ್ಟ, ದಪ್ಪ ದಪ್ಪ ಅಕ್ಷರ. ಕೆಸರಿನಲ್ಲಿ ಗೀಚುತ್ತಿದ್ದದ್ದು ಏನೆಂದು ಆಗ ಗೊತ್ತಾಯಿತು.

"ಗಂಡು. ಒಂದೇ ಇದೆ. ಬಲ ಕಾಲು ಎಳೆಯುತ್ತದೆ. ಮೂರು ವಾರದಿಂದ ಬರುತ್ತದೆ. ಮರದ ಹಿಂದೆ ಬಹಳ ಹೊತ್ತು ನಿಲ್ಲುತ್ತದೆ. ನಾವು ನಕ್ಕರೆ ಹೊರಟು ಹೋಗುತ್ತದೆ. ನಗಬಾರದು."

ನಾನು ಎರಡು ಸಲ ಓದಿದೆ. ಕೊನೆಯ ಸಾಲನ್ನು ಇನ್ನೊಂದು ಸಲ ಓದಿದೆ. ಇಷ್ಟು ವರ್ಷ ಆ ಮಗುವಿನ ಮಾತಿಗೆ ಊರನ್ನೆಲ್ಲ ಸೇರಿಸಿ ನಕ್ಕವನು ನಾನು. ಅವಳು ಬರೆದದ್ದು ಇದು. ಕಣ್ಣು ಮಂಜಾಗಿ ಅಕ್ಷರ ಕಾಣದಾಯಿತು.

ಆಗ ಹಿಂದಿನ ಪೊದೆಯಿಂದ ಕೇಳಿಸಿತು. "ಆ...ಕ್ಷೀ!"

ನನ್ನ ಷಡ್ಡಕರು ಸೀನಿದ್ದರು. ಅವರ ಸೀನಿನ ಅರ್ಥ ನನಗೆ ಗೊತ್ತಿಲ್ಲವೇ? ಸಿಕ್ಕಿಬಿದ್ದ ಪ್ರಾಣಿಗೆ ಓಡಿಹೋಗಲು ಅವರು ಕೊಡುವ ಅವಕಾಶ ಅದು. ಬೇಲಿ ಹತ್ತಿರವೇ ಇತ್ತು.

ನಾನು ಓಡಲಿಲ್ಲ. ಹಾಳೆ ಹಿಡಿದುಕೊಂಡು ಅಲ್ಲೇ ಕೆಸರಿನಲ್ಲಿ ಕುಕ್ಕರಿಸಿದೆ. ಪೊದೆ ಅಲುಗಿತು. ಬೂಟಿನ ಹೆಜ್ಜೆ, ಒಂದೊಂದಾಗಿ, ಬಹಳ ನಿಧಾನವಾಗಿ ಹತ್ತಿರ ಬಂತು.

"ಅಪ್ಪಾ," ಎಂದಳು ಪಲ್ಲವಿ, ಅದೇ ಉರುಳುವ ನಾಲಿಗೆಯಲ್ಲಿ. "ಚಹಾ ಕುಡೀತೀಯೇನು?"