ನಾಲ್ಕು ತಾಕಿನ ಕೂಸು

ಏಳು ತಿಂಗಳ ಕೂಸಿನ ಇಸುಬನ್ನು ಎಂಟು ದಿನದಲ್ಲಿ ಹಿಡಿತಕ್ಕೆ ತರುವುದು ಏನು ಮಹಾ ಕೆಲಸ? ಪುಣೆಯ ಸರಕಾರಿ ಪ್ರಯೋಗದ ಹೊಲದಲ್ಲಿ ನಾನು ಗುಮಾಸ್ತ. ಜೋಳಕ್ಕೆ ಬರುವ ರೋಗಗಳೆಲ್ಲ ನನಗೆ ಬಾಯಿಪಾಠ! ಕೂಸೇನು ಜೋಳಕ್ಕಿಂತ ಕಷ್ಟವೇ?

ಹೀಗೆಂದುಕೊಳ್ಳುತ್ತ ಶುಕ್ರವಾರ ಪೇಟೆಯಲ್ಲಿ ಹತ್ತಾರು ಬಿಡಾರಗಳಿದ್ದ ನಮ್ಮ ವಾಡೆಯ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ನಮ್ಮ ಮನೆ ನೆಲ ಅಂತಸ್ತಿನಲ್ಲಿತ್ತು, ಮೆಟ್ಟಿಲೇ ಇರಲಿಲ್ಲ ಎನ್ನುತ್ತಾಳೆ ನನ್ನ ಹೆಂಡತಿ ಗಂಗಾ. ಇರಲಿ. ನನ್ನ ನೆನಪು ಇಷ್ಟು ಅಚ್ಚುಕಟ್ಟಾಗಿ ಬಂದು ನಿಂತಾಗಲೆಲ್ಲ ಅದರ ಜೇಬು ತಪಾಸಣೆ ಮಾಡಬೇಕು. ಏನನ್ನೋ ಬಚ್ಚಿಟ್ಟಿರುತ್ತದೆ.

ನಮ್ಮ ರಾಘುವಿನ ಕೆನ್ನೆ, ಕುತ್ತಿಗೆ, ಮೊಣಕೈ, ಮೊಣಕಾಲಿನ ಮಡಿಕೆ ಎಲ್ಲ ಕೆಂಪಾಗಿ, ಕೆರೆದು ಕೆರೆದು ರಕ್ತ ಬರುತ್ತಿತ್ತು. ಅವನ ಎರಡೂ ಅಂಗೈಗೆ ಬಟ್ಟೆಯ ಚೀಲ ಕಟ್ಟಿದ್ದೆವು. ಅವನಿಗೂ ನಿದ್ದೆಯಿಲ್ಲ, ಗಂಗಾಳಿಗೂ ಇಲ್ಲ. ಕೂಸಿನ ಆರೈಕೆಗೆಂದು ಧಾರವಾಡದಿಂದ ಬಂದಿದ್ದ ಅತ್ತೆಯವರು ಆ ಗುರುವಾರ ತೀರ್ಪು ಕೊಟ್ಟರು.

"ಅಳಿಯಂದ್ರ, ಎಂಟು ದಿನ ನೋಡ್ತೀನಿ. ಕಡಿಮಿ ಆಗ್ಲಿಲ್ಲಂದ್ರ ಮಗಳನ್ನೂ ಕೂಸನ್ನೂ ಊರಿಗೆ ಕರ್ಕೊಂಡು ಹೋಗ್ತೀನಿ. ಈ ಹವಾ ಕೂಸಿಗೆ ಆಗಿಬರಂಗಿಲ್ಲ."

ರಾಘು ಇಲ್ಲದ ಮನೆಯೇ! ಬಾಯಿ ಮಾತ್ರ, "ಎಂಟು ದಿನ ಭಾಳಾತ್ರಿ!" ಎಂದುಬಿಟ್ಟಿತು.

ಔಷಧಿಗೇನೂ ಬರವಿರಲಿಲ್ಲ. ಅತ್ತೆಯವರದು ಬೇವು, ಅರಿಷಿಣ ಅರೆದ ಲೇಪ. ಪಕ್ಕದ ಮನೆಯ ಕಾಕೂ ನೂರು ಸಲ ನೀರಿನಲ್ಲಿ ತೊಳೆದ ತುಪ್ಪವನ್ನು ಬೆಣ್ಣೆಯಂತೆ ಬೆಳ್ಳಗೆ ಮಾಡಿ ತಂದುಕೊಟ್ಟಿದ್ದರು. ದವಾಖಾನೆಯ ಡಾಕ್ಟರು ಬಿಳಿ ಮುಲಾಮು ಕೊಟ್ಟು, ಸುಡುನೀರು ಎರೆಯಬೇಡಿ, ಒರಟು ಬಟ್ಟೆ ತಾಗಿಸಬೇಡಿ ಎಂದಿದ್ದರು. ಅವರು ಹಾಗೆ ಹೇಳುವಾಗ ನಾನು ಅವರ ಮೇಜಿನ ಮೇಲಿದ್ದ ಹಿತ್ತಾಳೆಯ ತಕ್ಕಡಿ ನೋಡುತ್ತಿದ್ದೆನಂತೆ.

ಮೂರನ್ನೂ ಒಟ್ಟಿಗೆ ಹಚ್ಚಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದು ಹೇಗೆ? ನಮ್ಮ ಹೊಲದಲ್ಲಿ ಒಂದೇ ನೆಲವನ್ನು ತಾಕು ತಾಕಾಗಿ ಭಾಗ ಮಾಡಿ, ಒಂದೊಂದಕ್ಕೆ ಒಂದೊಂದು ಗೊಬ್ಬರ ಹಾಕಿ, ಒಂದು ತಾಕಿಗೆ ಮಾತ್ರ ಏನೂ ಹಾಕದೆ ಬಿಡುತ್ತೇವೆ, ಹೋಲಿಸಿ ನೋಡುವುದಕ್ಕೆ. ರಾಘುವಿಗೆ ದೇವರು ಸರಿಯಾಗಿ ನಾಲ್ಕು ತಾಕು ಕೊಟ್ಟಿದ್ದಾನೆ! ಬಲಗೈಗೆ ಬೇವು: ಒಂದನೆಯ ತಾಕು. ಎಡಗೈಗೆ ಮುಲಾಮು: ಎರಡು. ಬಲಗಾಲಿಗೆ ತುಪ್ಪ: ಮೂರು. ಎಡಗಾಲಿಗೆ ಏನೂ ಇಲ್ಲ: ನಾಲ್ಕು.

"ಆ ಕಾಲು ಏನು ಪಾಪ ಮಾಡೇದ್ರಿ?" ಎಂದಳು ಗಂಗಾ.

"ಅದು ಶಾಸ್ತ್ರ."

"ಮತ್ತ ಕುತ್ತಿಗಿ? ಕೆನ್ನಿ? ಎಲ್ಲಾಕ್ಕಿಂತ ಅಲ್ಲೇ ಹೆಚ್ಚದ."

"ಕುತ್ತಿಗಿ ಈ ಪ್ರಯೋಗದಾಗ ಬರೂದಿಲ್ಲ!"

ಚೀಟಿಗಳ ಮೇಲೆ ಅಂಕಿ ಬರೆದು ನಾಲ್ಕೂ ಕಡೆ ದಾರದಿಂದ ಕಟ್ಟಿದೆ. ಮೊದಲ ದಿನವೇ ರಾಘು ಎರಡನೆಯ ಚೀಟಿಯನ್ನು ತಿಂದ. ಮರುದಿನ ಬಲಗಾಲಿನಿಂದ ಎಡಗಾಲನ್ನು ತಿಕ್ಕಿ ತಿಕ್ಕಿ ತುಪ್ಪವನ್ನು ಗಡಿ ದಾಟಿಸಿದ. ಜೋಳ ಎಂದೂ ಹೀಗೆ ಮಾಡಿದ್ದಿಲ್ಲ! ಮೂರನೆಯ ದಿನ ಬೇವಿನ ಕೈಯನ್ನು ಬಾಯಿಗಿಟ್ಟುಕೊಂಡು ಕಿರುಚಿದ ರಭಸಕ್ಕೆ ವಾಡೆಯೆಲ್ಲ ನಮ್ಮ ಬಾಗಿಲಿಗೆ ಬಂತು. ಕಾಕೂ ಚೀಟಿಗಳನ್ನು ನೋಡಿ, ಕೂಸನ್ನು ಯಾವ ಊರಿಗೆ ಪಾರ್ಸಲ್ ಮಾಡುತ್ತಿದ್ದೀರಿ ಎಂದು ಮರಾಠಿಯಲ್ಲಿ ವಿಚಾರಿಸಿದರು.

ಆದರೆ ನಾಲ್ಕನೆಯ ದಿನ, ರವಿವಾರ, ಪವಾಡ! ನಾಲ್ಕೂ ತಾಕು ತಣ್ಣಗಾದವು. ಏನೂ ಹಚ್ಚದ ಎಡಗಾಲು ಕೂಡ! ಸೋಮವಾರ ಸಂಜೆಗೆ ಮತ್ತೆ ಎಲ್ಲವೂ ಕೆಂಪು. ನಾನು ಕುಣಿದಾಡಿದೆ.

"ಗೊತ್ತಾತೇನು? ರವಿವಾರಕ್ಕ ಔಷಧಿಗುಣ ಅದ!"

ಗಂಗಾ ನನ್ನನ್ನೇ ನೋಡಿದಳು. ನನ್ನ ಪ್ರಯೋಗದ ವಹಿಯನ್ನು ತೆಗೆದು ದಿನಗಳ ಲೆಕ್ಕ ನೋಡತೊಡಗಿದಳು. ನಾನು ನಮ್ಮ ಆಂಗ್ಲ ಸಾಹೇಬರಿಗೆ, 'ವಾರಗಳು ಶಿಶುಚರ್ಮದ ಮೇಲೆ ಬೀರುವ ಪರಿಣಾಮವನ್ನು ಕುರಿತು ವಿನಯಪೂರ್ವಕ ಅರಿಕೆ' ಬರೆಯಲು ಕುಳಿತೆ.

ಎಂಟನೆಯ ದಿನ ಬಂತು. ಅತ್ತೆಯವರ ಟ್ರಂಕು ಬಾಗಿಲ ಬಳಿ ನಿಂತಿತ್ತು. ನಾನು ಆಫೀಸಿನಿಂದ ಬಂದವನೇ ಕೂಸನ್ನು ಎತ್ತಿಕೊಳ್ಳಲು ಹೋದೆ.

ಇಲ್ಲಿಯೇ ನೆನಪಿನ ಜೇಬು ತಪಾಸಣೆ ಮಾಡಬೇಕು. ಬಂದವನೇ ಎತ್ತಿಕೊಳ್ಳಲು ನಮ್ಮ ಮನೆಯಲ್ಲಿ ಸಾಧ್ಯವಿರಲಿಲ್ಲ. ಊರೆಲ್ಲ ಮುಟ್ಟಿ ಬಂದ ಮೈಲಿಗೆಯವನು ಸ್ನಾನ ಮಾಡದೆ ಕೂಸನ್ನು ಮುಟ್ಟಬಾರದೆಂಬುದು ಅತ್ತೆಯವರ ಕಾಯಿದೆ. ಕಾತ್ರಜದ ಕೆರೆಯಿಂದ ನಮ್ಮ ಪೇಟೆಯ ಹೌದಿಗೆ, ಎಂದರೆ ಕಲ್ಲಿನ ತೊಟ್ಟಿಗೆ, ಬರುತ್ತಿದ್ದ ಆ ನೀರೋ, ಚಳಿಗಾಲದಲ್ಲಿ ಎಲುಬಿಗೇ ಚುಚ್ಚುತ್ತಿತ್ತು. ಆದರೆ ಉಣ್ಣೆಗೆ ಮೈಲಿಗೆಯಿಲ್ಲವಲ್ಲ! ಅದಕ್ಕೇ ನಾನು ಆಫೀಸಿನ ಬಟ್ಟೆ ಕಳಚಿ, ದೇವರ ಮನೆಯ ಗೂಟದಲ್ಲಿದ್ದ ಧಾಬಳಿಯನ್ನು, ಮಡಿಗೆಂದೇ ಇಟ್ಟ ಆ ಒರಟು ಉಣ್ಣೆಯ ಹೊದಿಕೆಯನ್ನು, ಕುತ್ತಿಗೆಯವರೆಗೆ ಸುತ್ತಿಕೊಂಡು, ಸ್ನಾನ ತಪ್ಪಿಸಿ, ದಿನಾಲು ಒಂದು ತಾಸು ಕೂಸನ್ನು ಎದೆಗೊತ್ತಿಕೊಂಡು ಮುದ್ದಾಡುತ್ತಿದ್ದೆ. ನನ್ನ ಪ್ರಯೋಗದ ವಹಿಯಲ್ಲಿ ಎಲ್ಲವೂ ಇತ್ತು. ಧಾಬಳಿ ಮಾತ್ರ ಇರಲಿಲ್ಲ. ಅಂದೂ ಅದನ್ನೇ ಸುತ್ತಿಕೊಂಡು ಕೂಸಿನತ್ತ ಕೈ ಚಾಚಿದ್ದೆ.

"ಅಲ್ಲೇ ನಿಲ್ರಿ!" ಎಂದಳು ಗಂಗಾ. ಅವಳ ಕೈಯಲ್ಲಿ ಅದೇ ವಹಿ. "ರವಿವಾರ ನಿಮಗ ಆಫೀಸಿಲ್ಲ. ಮುಂಜಾನೆನs ಜಳಕ ಆಗಿರತದ. ಧಾಬಳಿ ಸುತ್ಕೊಳ್ಳಲಿಲ್ಲ, ಕೂಸು ಕೆರಕೊಳ್ಳಲಿಲ್ಲ. ಕೊಡ್ರಿ ಇಲ್ಲೆ!"

ಧಾಬಳಿಯ ತುದಿ ಹಿಡಿದು ನನ್ನ ಕುತ್ತಿಗೆಗೇ ನಾಲ್ಕು ಸಲ ತಿಕ್ಕಿದಳು. ನಾನು ಯಾವ ನಿರ್ಣಯಕ್ಕೂ ಬರುವ ಮೊದಲೇ ನನ್ನ ಕೈ ಕೆರೆಯತೊಡಗಿತ್ತು!

"ಧಾಬಳಿ ಮ್ಯಾಲ ತಪ್ಪು ಹೊರಸಬ್ಯಾಡ ಗಂಗಾ, ಅದು ಮಡಿ," ಎಂದರು ಅತ್ತೆ.

"ಮಡಿ ಅದವ್ವಾ. ಮೆತ್ತಗಿಲ್ಲ."

ಅತ್ತೆಯವರು ಧಾಬಳಿಯನ್ನು ತೆಗೆದುಕೊಂಡು ತಮ್ಮ ಕೆನ್ನೆಗೆ ಒಮ್ಮೆ ತಾಗಿಸಿ ನೋಡಿದರು. ಕೂಸಿನ ಕುತ್ತಿಗೆ ನೋಡಿದರು. ಹೋಗಿ ಟ್ರಂಕಿನ ಕೀಲಿ ತೆಗೆದು, ತಮ್ಮದೊಂದು ಹಳೆಯ ಮೆತ್ತನೆಯ ಸೀರೆಯನ್ನು ಕೂಸಿಗೆಂದು ಹರಿದರು.

ಅಂದಿನಿಂದ ಉಗುರುಬೆಚ್ಚಗಿನ ನೀರು, ಹಳೆಯ ಸೀರೆ, ಮುಲಾಮೂ ತುಪ್ಪವೂ ಇಡೀ ಮೈಗೆ, ಗಡಿಯಿಲ್ಲದೆ. ಇಸುಬು ಪೂರ್ತಿ ಹೋಯಿತೆಂದು ನನ್ನ ನೆನಪು ಹೇಳುತ್ತದೆ, ನಂಬಬೇಡಿ. ಚಳಿ ಬಂದಾಗಲೆಲ್ಲ ತಿರುಗಿ ಬರುತ್ತಿತ್ತು. ಆದರೆ ರಾಘುವಿನ ಕೈಚೀಲ ಬಿಚ್ಚಿದೆವು. ಅವನು ಮಲಗಿದ, ಗಂಗಾ ಮಲಗಿದಳು, ಅತ್ತೆಯವರು ಒಬ್ಬರೇ ಧಾರವಾಡಕ್ಕೆ ಹೋದರು.

ಕಾಯಿದೆಯನ್ನು ಮಾತ್ರ ಬಿಟ್ಟು ಹೋದರು. ನನಗೆ ದಿನಾ ಸಂಜೆ ಹೌದಿನ ಪಕ್ಕ ತಣ್ಣೀರಿನ ಸ್ನಾನ. ಕಾಕೂ ಕಿಟಕಿಯಿಂದ ಖುದ್ದು ಮೇಲ್ವಿಚಾರಣೆ!

ಮೊನ್ನೆ ಆ ಹಳೆಯ ವಹಿ ಸಿಕ್ಕಿತು. ಕೊನೆಯ ಪುಟದಲ್ಲಿ ಗಂಗಾಳ ಅಕ್ಷರ:

'ತಾಕು ಐದು: ಕೂಸಿನ ಅಪ್ಪ. ದಿನಾ ತಣ್ಣೀರು. ಇನ್ನೂ ಸುಧಾರಣೆ ಕಂಡಿಲ್ಲ.'