ನಲವತ್ತಕ್ಕೆ ಅರ್ಧ ಡಿಗ್ರಿ ಕಡಿಮೆ

“ಬರೀ ಅರ್ಧ ಡಿಗ್ರಿ ಕಣ್ಲಾ ಮರಿಸಿದ್ದ! ನಲವತ್ತು ಅಂತ ಬರ್ದ್ಬುಟ್ರೆ ನಿಮ್ಮಪ್ಪನ ಗಂಟೇನು ಓಯ್ತದೆ?”

“ಮೂವತ್ತೊಂಬತ್ತೂವರೆ ಅಂದ್ರೆ ಮೂವತ್ತೊಂಬತ್ತೂವರೆ. ಸುಳ್ಳು ಬರೆಯಕ್ಕಿಲ್ಲ, ನಡಿ ಅತ್ಲಾಗೆ.”

ಮದ್ದೂರಿನ ಹೊರಗೆ, ತಂತಿಬೇಲಿಯ ನಡುವೆ, ನಾಲ್ಕಡಿ ಕಾಲುಗಳ ಮೇಲೆ ನಿಂತ ಬಿಳಿ ಮರದ ಪೆಟ್ಟಿಗೆ. ಒಳಗೆ ತಾಪಮಾಪಕ. ದಿನಾ ಮಧ್ಯಾಹ್ನ ಎರಡೂವರೆಗೆ ಅದನ್ನು ನೋಡಿ ಬರೆದಿಡುವುದು ಮರಿಸಿದ್ದಯ್ಯನ ಕೆಲಸ. ಅದನ್ನು ಹೇಗಾದರೂ ನಲವತ್ತಕ್ಕೆ ಏರಿಸುವುದು, ಈಗ ಹನ್ನೆರಡು ದಿನದಿಂದ, ನಿಂಗಯ್ಯನ ಕೆಲಸ. ಹೆಂಡತಿ ಚಿಕ್ಕಬೋರಮ್ಮ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು: ಸರ್ಕಾರದ ಪೆಟ್ಟಿಗೆ ನಲವತ್ತು ತೋರಿಸಿದ ದಿನ ಮನೆಗೆ ಕೂಲರ್, ಅಲ್ಲಿವರೆಗೆ ಬೀಸಣಿಗೆ. ಬೀಸಿ ಬೀಸಿ ಪಾಪ, ನಿಂಗಯ್ಯನ ರಟ್ಟೆ ಬಿದ್ದುಹೋಗಿತ್ತು.

“ಅಲ್ಲ ಕಣ್ಲಾ, ಇದ್ಕೆ ನೆರಳು, ಬಿಳಿ ಬಣ್ಣ, ಗಾಳಿ ಆಡಕ್ಕೆ ಸಂದಿ! ಇಂಥ ಮನೆ ನಂಗಿದ್ದಿದ್ರೆ ಕೂಲರ್ ಯಾಕೆ ಕೇಳ್ತಿದ್ದೆ? ಈಚೆ ತಗ್ದು ಬಿಸಿಲಿಗಿಡ್ಲಾ.”

“ಬಿಸಿಲಿಗಿಟ್ರೆ ಗಾಜು ಕಾಯ್ತದೆ. ನಮ್ಗೆ ಬೇಕಾಗಿರೋದು ಗಾಳಿ ಬಿಸಿ.”

“ಗಾಳೀನೂ ಸೂರ್ಯನೇ ಅಲ್ವಾ ಕಾಯ್ಸೋದು?”

“ಅಲ್ಲ ಕಣ್ಲಾ. ಸೂರ್ಯ ಗಾಳೀನ ದಾಟ್ಕಂಡು ಬಂದು ಮೊದ್ಲು ನೆಲ ಕಾಯಿಸ್ತಾನೆ. ಕಾದ ನೆಲ ಗಾಳೀನ ಕಾಯಿಸ್ತದೆ. ಅದ್ಕೇ ಮೇಲ್‌ ಮೇಲಕ್ಕೆ ಓದಂಗೂ ತಂಪು. ಊಟಿ ನೋಡಿಲ್ವಾ?”

“ಊಟಿ ಸೂರ್ಯಂಗೆ ಅತ್ರ ಅಲ್ವೇನ್ಲಾ?”

“ಸೂರ್ಯಂಗೆ ಅತ್ರ, ಒಲೆಗೆ ದೂರ. ಒಲೆ ಇರೋದು ಕೆಳಗೆ.”

ನಿಂಗಯ್ಯನ ಮುಖ ಅರಳಿತು.

“ಅಂಗಾರೆ ಪೆಟ್ಟಿಗೆ ಕಾಲು ಕುಯ್ದಾಕು! ನಾಲ್ಕಡಿ ಮೇಲೆ ಕೂರ್ಸ್ಬುಟ್ಟು ಮದ್ದೂರ್ನ ಊಟಿ ಮಾಡಿಕ್ಕಿದ್ದೀಯಾ?”

“ಲೇ, ಎಲ್ಲಾ ಕಡೆನೂ ನಾಲ್ಕಡಿನೇ ಕಣ್ಲಾ!”

ನಂಬಿದರೆ ತಾನೆ? ಕಾಲು ಅಳೆಯಲು ನಿಂಗಯ್ಯ ನೆಲದ ಮೇಲೆ ಕೂತ. ಕೂತವನೇ ಚೇಳು ಕಡಿದವನಂತೆ ಎದ್ದ. ಪಂಚೆಯ ಹಿಂಭಾಗ ಒದ್ದೆ.

“ಮಳೆ ಬಂದು ತಿಂಗಳಾಯ್ತು. ನೆಲ ಯಾಕ್ಲಾ ನೆಂದದೆ?”

“ನಂಗೂ ಅದೇ ಸೋಜಿಗ ಕಣ್ಲಾ. ಊರೆಲ್ಲಾ ಉಲ್ಲು ಒಣಗಿ ನಿಂತದೆ, ಇಲ್ಲಿ ಮಾತ್ರ ಅಸ್ರಾಗಿ ಬೆಳ್ದದೆ. ನನ್ನ ಕೈಗುಣ ಅಂದ್ಕಂಡಿದ್ದೆ.”

ಅಷ್ಟರಲ್ಲಿ ಬೇಲಿಯ ಸಂದಿಯಿಂದ ಒಂದು ಬಿಂದಿಗೆ ತೂರಿತು, ಹಿಂದೆಯೇ ಚಿಕ್ಕಬೋರಮ್ಮ. ಗಂಡನನ್ನು ಕಂಡರೂ ಹೆದರಲಿಲ್ಲ. ಹೊತ್ತು ತಂದದ್ದು ದಂಡ ಮಾಡಬಾರದೆಂದು ನೀರನ್ನು ಪೆಟ್ಟಿಗೆಯ ಬುಡಕ್ಕೆ ಸುರಿದಳು.

“ಒಂದು ಬಿಂದಿಗೆ ಆಗ್ಲೇ ಉಯ್ದಿದ್ದೆ. ಬಿಸ್ಲು ಜಾಸ್ತಿ ಅಂತ ಇನ್ನೊಂದು ತಂದೆ.”

“ಅಮ್ಮೀ! ದಿನಾ ನೀನೇಯಾ?” ಎಂದ ನಿಂಗಯ್ಯ.

“ಬ್ಯಾಸ್ಗೇಲಿ ಅಂಗಳಕ್ಕೆ ನೀರಾಕಿದ್ರೆ ತಂಪಾಗಲ್ವಾ? ಅದ್ಕೂ ಪುಸ್ತಕ ಓದ್ಬೇಕಾ? ಕೂಲರ್ ಬಂದ್ರೆ ನೀನೊಬ್ನೇ ಅಲ್ಲ, ನಿನ್ನ ಅರಳಿಕಟ್ಟೆ ಗುಂಪೆಲ್ಲಾ ನಮ್ಮ ನಡುಮನೇಲಿ. ಗಳಿಗೆಗೊಂದ್ಸಲ ಟೀ ಕಾಯಿಸೋರು ಯಾರು?”

ಮರಿಸಿದ್ದಯ್ಯ ತಲೆ ಮೇಲೆ ಕೈ ಹೊತ್ತ.

“ಅಯ್ಯೋ ಕಣವ್ವ, ನಾನು ಬರ್ದಿದ್ದೆಲ್ಲಾ ಅಳ್ಳ ಇಡೀತಲ್ಲ! ನೀರಾಕ್ದೆ ಇದ್ರೆ ನಲವತ್ತು ಎಂದೋ ದಾಟ್ತಿತ್ತು.”

“ಕೇಳುಸ್ಕಂಡಾ?” ನಿಂಗಯ್ಯ ಒದ್ದೆ ಪಂಚೆಯಲ್ಲೇ ಕುಣಿದ. “ನಲವತ್ತು ದಾಟಿತ್ತಂತೆ! ತಗಾ ಕೂಲರ್ನ!”

ಚಿಕ್ಕಬೋರಮ್ಮ ಸೆರಗಿನಿಂದ ಕತ್ತು ಒರೆಸಿಕೊಂಡಳು.

“ತರಾನ ಬುಡು. ಈ ಬಿಸ್ಲಲ್ಲಿ ನೀರು ಒತ್ತೂ ಒತ್ತೂ ನಂಗೇ ಸೆಕೆ ತಡಿಯಕ್ಕಾಯ್ತಿಲ್ಲ. ಕೂಲರ್ ಮುಂದೆ ನಾನು ಮನೀಕತೀನಿ, ಕದ ಆಕ್ಕಂಡು.”

“ನಾನು?”

“ನೀನು ಇಲ್ಲೇ ಬಿದ್ಕೊ. ಇಡೀ ಮದ್ದೂರಲ್ಲಿ ತಂಪಾಗಿರೋದು ಈ ಪೆಟ್ಟಿಗೆ ಅಡೀಲಿ ಮಾತ್ರ. ಅನ್ನೆರಡು ದಿನ ನೀರಾಕಿ ಸಾಕಿವ್ನಿ.”

ಮರಿಸಿದ್ದಯ್ಯ ಎರಡೂ ಕೈ ಚಾಚಿ ಪೆಟ್ಟಿಗೆಗೆ ಅಡ್ಡ ನಿಂತ.

“ಬ್ಯಾಡ ಕಣವ್ವೋ! ಇವ್ನು ಕೆಳಗೆ ಮನೀಕಂಡು ನಿಟ್ಟುಸಿರು ಬುಡ್ತಾ ಇದ್ರೆ ನಾಳೆ ನಲವತ್ತೈದು ಬರೀಬೇಕಾಯ್ತದೆ!”