ಶರಣ ಲೂಯಪ್ಪನ ಊರಿನ ದಿಬ್ಬ

ಅಮೆರಿಕದ ಸೇಂಟ್ ಲೂಯಿಸ್ ನಗರದ ಪೂರ್ವಚರಿತ್ರೆ ಬಲ್ಲವರು ನಮ್ಮ ಭಾಗ್ಯನಗರದಲ್ಲಿ ಒಬ್ಬರೇ ಇದ್ದಾರೆ. ಅವರಿಗೆ ಓದು ಬರಹ ಬರುವುದಿಲ್ಲ. ಅವರು ನಮ್ಮ ಅತ್ತೆ!

ಮೊನ್ನೆ ಬೆಳಿಗ್ಗೆಯೂ ಎಂದಿನಂತೆ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಹಿಂದೆ ಕಾನ್ವೆಂಟಿನಲ್ಲಿ ಓದುವಾಗ ನನಗೆ ಬಹುಮಾನ ಬಂದಿದ್ದ ಇಂಗ್ಲಿಷ್ ಪುಸ್ತಕವನ್ನು ನಾನು ಪಕ್ಕದಲ್ಲಿ ಕೂತು ಕನ್ನಡ ಮಾಡಿ ಹೇಳುತ್ತಿದ್ದೆ. ಸೇಂಟ್ ಅಂದರೆ ಶರಣ ಎಂದು ಒಮ್ಮೆ ಹೇಳಿದ್ದೇ ತಪ್ಪಾಯಿತು ನೋಡಿ, ಅಂದಿನಿಂದ ಅದು "ಶರಣ ಲೂಯಪ್ಪನ ಊರು". ಮಿಸ್ಸಿಸಿಪ್ಪಿ ನದಿ "ಮಿಸ್ಸವ್ವ". ನಾನು ತಿದ್ದಲಿಲ್ಲ. ಬಿಸಿ ರೊಟ್ಟಿ ಕೊಡುವವರನ್ನು ಯಾರಾದರೂ ತಿದ್ದುತ್ತಾರೆಯೇ?

"ಫ್ರಾನ್ಸಿನ ವ್ಯಾಪಾರಿಗಳು ದೋಣ್ಯಾಗ ಬಂದು, ಚರ್ಮದ ಅಂಗಡಿ ಹಾಕಿ, ಊರು ಕಟ್ಟಿದ್ರಂತ್ರಿ. ಅಲ್ಲಿ ಮೊದಲಽ ದೊಡ್ಡ ದೊಡ್ಡ ಮಣ್ಣಿನ ದಿಬ್ಬ ಇದ್ದುವಂತ."

"ತಾವಽ ಎದ್ದಿದ್ದುವೇನು?"

"ಇಲ್ರಿ ಅತ್ತಿ, ಅದಕ್ಕೂ ಮೊದಲಿದ್ದ ಜನ ಕಟ್ಟಿದ್ದು."

"ಮತ್ತ ಊರು ಕಟ್ಟಿದವರು ಅವರಽ ಅಲ್ಲೇನವಾ? ಇವರು ಬರೇ ಅಂಗಡಿ ಹಾಕಿದವರು!"

ಇತಿಹಾಸಕಾರರು ದಯವಿಟ್ಟು ಗಮನಿಸಬೇಕು! ಎಲ್ಲಕ್ಕಿಂತ ದೊಡ್ಡ ದಿಬ್ಬವನ್ನು ಕಡಿದು ಅದರ ಮಣ್ಣನ್ನು ರೈಲು ಹಾದಿಗೆ ಸುರಿದರು, ಈಗ ಅಲ್ಲಿ ನೆನಪಿಗೊಂದು ಕಲ್ಲು ಮಾತ್ರ ಇದೆ ಎಂದು ನಾನು ಹೇಳಿದ್ದೇ ತಡ, ಅತ್ತೆಯ ಕೈ ರೊಟ್ಟಿಯ ಮೇಲೆ ನಿಂತಿತು. ಅದೇ ಹೊತ್ತಿಗೆ ಹಿತ್ತಲ ಕಡೆ ಜೆಸಿಬಿ ಗುಡುಗಿತು. ನಮ್ಮ ಮನೆಯ ಹಿಂದಿನ ಖಾಲಿ ಜಾಗದಲ್ಲಿ ಜಾಲಿ ಬೆಳೆದ ದಿಬ್ಬವೊಂದಿದೆ. ಅದನ್ನು ಸಮ ಮಾಡಿ ಕಾರು ನಿಲ್ಲಿಸಬೇಕೆಂದು ಓಣಿಯವರೆಲ್ಲ ನಿಶ್ಚಯಿಸಿದ್ದರು. ನಮ್ಮ ಮನೆಯವರೂ!

ನಾನು ಓಡಿಹೋಗುವಷ್ಟರಲ್ಲಿ ಅತ್ತೆ ದಿಬ್ಬದ ನೆತ್ತಿಯ ಮೇಲೆ ಕಾಲು ಚಾಚಿ ಕೂತಾಗಿತ್ತು. ಮುಂಗೈ ತನಕ ಜೋಳದ ಹಿಟ್ಟು.

"ಏಳ್ರಿ ಅಮ್ಮಾರ, ನನಗ ಇನ್ನೂ ಹಿಟ್ನಾಳಕ್ಕ ಹೋಗೂದೈತಿ," ಎಂದ ಜೆಸಿಬಿಯವನು.

"ಹೋಗು, ಯಾರು ಬ್ಯಾಡಂದಾರ? ಶರಣ ಲೂಯಪ್ಪನ ಊರಾಗ ಹಿಂಗಽ ಕೆಡವಿ, ಈಗ ಅಲ್ಲೊಂದು ಕಲ್ಲು ನಿಲ್ಲಿಸಿ ನೋಡಕೋತ ನಿಂತಾರ. ನಾ ಏಳೂದಿಲ್ಲ!"

ಅವನು ಗಾಬರಿಯಾಗಿ ನನ್ನತ್ತ ತಿರುಗಿದ. "ಅಕ್ಕಾರ, ಈ ಲೂಯಪ್ಪನವರು ಯಾವ ವಾರ್ಡಿನ ಮೆಂಬರ್ರಿ?"

ಕಾನ್ವೆಂಟಿನಲ್ಲಿ ಸುಳ್ಳು ಹೇಳಬಾರದೆಂದು ಕಲಿಸಿದ್ದಾರೆ. ನಾನು ಹೇಳಲೂ ಇಲ್ಲ. "ಭಾಳ ದೊಡ್ಡವರು," ಎಂದೆ, ಅಷ್ಟೇ! ಜೆಸಿಬಿ ಹಿಂದಕ್ಕೆ ಸರಿಯಿತು.

"ನಾಳೆ ಮತ್ತ ಬರ್ತಾರ, ಅವ್ವಾ," ಎಂದು ಗದರಿದರು ನಮ್ಮ ಮನೆಯವರು.

"ಬರಲಿ. ನಾನೂ ಬರ್ತೀನಿ."

ಸಂಜೆ ಪಕ್ಕದ ಮನೆಯ ಅಜ್ಜಿ ಹೆಪ್ಪು ಕೇಳಲು ಬಂದರು. ಬಟ್ಟಲಿಗೆ ಮೊಸರು ಹಾಕುತ್ತ, "ಒಂದು ದಿಬ್ಬಕ್ಕ ಅತ್ತಿಯವರು ಇಷ್ಟ್ಯಾಕ ಹಟ ಮಾಡ್ತಾರೋ ಏನೋ," ಎಂದೆ.

ಅಜ್ಜಿ ಬಟ್ಟಲಿನಿಂದ ಕಣ್ಣೆತ್ತಲಿಲ್ಲ. "ಓಣ್ಯಾಗ ಬಾವಿ ಇತ್ತಲ್ಲ, ಈಗ ಮುಚ್ಚ್ಯಾರ, ಅದನ್ನ ತೋಡಿದ ಮಣ್ಣು ಅದು. ನಿಮ್ಮತ್ತಿನಽ ತಲಿಮ್ಯಾಲ ಹೊತ್ತು ಹಾಕಿದ್ಲು. ನಿನ್ನ ಗಂಡ ಆಗ ಹೊಟ್ಟ್ಯಾಗಿದ್ದ... ಇನ್ನೊಂದೀಟು ಹಾಕವಾ, ಹಾಲು ಭಾಳ ಐತಿ."